ಚೆಲುವಿನ ಶಸ್ತ್ರಕ್ರಿಯೆಗೆ ಮೊದಲು ರಕ್ತ ಹೇಳುವ ಮಾತು

(ಪುಣೆಯಲ್ಲಿ ನಮ್ಮ ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಆರೋಗ್ಯದ ವಿಚಾರವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನನಗೆ ಆಶ್ಚರ್ಯವೇ ಆಯಿತು. ನಾನು ವೈದ್ಯನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರತಕ್ಕವನು. ಆದರೆ ಕಳೆದ ಎರಡು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯ ದೆಸೆಯಿಂದ ಈ ವಿಷಯವನ್ನು ಬಲ್ಲವರಿಂದ ಕೇಳಿ ತಿಳಿಯುವ ಅವಶ್ಯಕತೆ ನನಗೆ ಒದಗಿತು. ಹಾಗೆ ತಿಳಿದುದನ್ನು ತಮ್ಮ ಮುಂದಿಡುತ್ತೇನೆ. ಚಿಕಿತ್ಸೆಯ ಮಾತನ್ನು ತಾವು ತಮ್ಮ ಡಾಕ್ಟರರನ್ನೇ ಕೇಳತಕ್ಕದ್ದು. ಲೆಕ್ಕದ ಮಾತಾದರೆ ಮಾತ್ರ ನನ್ನನ್ನು ಕೇಳಬಹುದು.

ವಿಷಯ ಇಷ್ಟೆ. ಮೂಗನ್ನು ತಿದ್ದಿಸಿಕೊಳ್ಳುವುದು, ಹೊಟ್ಟೆಯ ಕೊಬ್ಬನ್ನು ತೆಗೆಸುವುದು, ಬೋಳಾದ ತಲೆಗೆ ಕೂದಲು ನೆಡಿಸುವುದು ಇವೆಲ್ಲ ಇಂದು ನಮ್ಮಂತಹ ಮಧ್ಯಮ ವರ್ಗದ ಮನೆಗಳಿಗೂ ಬಂದಿವೆ. ಶಸ್ತ್ರಕ್ರಿಯೆಗೆ ಮೊದಲು ರಕ್ತಪರೀಕ್ಷೆ ಮಾಡಿಸುತ್ತಾರೆ. ರಿಪೋರ್ಟಿನಲ್ಲಿ ಒಂದು ಅಂಕಿ ಹೆಚ್ಚೋ ಕಡಮೆಯೋ ಬಂದು, ಅದರ ಪಕ್ಕದಲ್ಲಿ ಒಂದು ನಕ್ಷತ್ರ ಗುರುತು ಕಾಣಿಸಿಕೊಂಡರೆ, ಆಮೇಲೆ ಏನು ಮಾಡಬೇಕು?

ಮೊದಲಿಗೆ ಒಂದು ಮಾತು. ಇಂತಹ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವವರನ್ನು ನಗೆಗೀಡುಮಾಡುವ ಅಭ್ಯಾಸ ನಮ್ಮಲ್ಲಿದೆ. ‘ಮುಖ ನೋಡಿ ಮಣೆ ಹಾಕು’ ಎಂಬ ಗಾದೆಯನ್ನು ಮಾಡಿದವರೂ ನಾವೇ, ಮುಖವನ್ನು ತಿದ್ದಿಸಿಕೊಳ್ಳಲು ಹೊರಟವರನ್ನು ಆಡಿಕೊಳ್ಳುವವರೂ ನಾವೇ. ಇದರ ಫಲವೇನೆಂದರೆ, ಅನೇಕರು ಮನೆಯವರಿಗೆ ತಿಳಿಸದೆ, ತಮ್ಮ ಮಾಮೂಲು ಡಾಕ್ಟರರಿಗೂ ಹೇಳದೆ ಈ ಕೆಲಸಕ್ಕೆ ಹೋಗುತ್ತಾರೆ. ಗುಟ್ಟಾಗಿ ಹೋದವರಿಗೆ ರಿಪೋರ್ಟಿನಲ್ಲಿ ದೋಷ ಕಂಡರೆ ಯಾರೊಡನೆ ಆಲೋಚಿಸಬೇಕೆಂಬುದೇ ತಿಳಿಯದು. ಅಪಾಯ ಮೊದಲಾಗುವುದು ಅಲ್ಲಿಂದ.

ಮೂಗು ಸರಿಪಡಿಸುವ ವಿದ್ಯೆಗಾದರೋ ನಮ್ಮ ಕನ್ನಡ ನಾಡಿಗೂ ನಾವೀಗ ನೆಲೆಸಿರುವ ಈ ಪುಣೆಗೂ ಕೂಡಿದ ಒಂದು ಹಳೆಯ ಸಂಬಂಧವುಂಟು. ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬಾತ ಟಿಪ್ಪುವಿನವರ ಕೈಗೆ ಸಿಕ್ಕಿ ಮೂಗನ್ನು ಕಳೆದುಕೊಂಡ. ಪುಣೆಯ ಕಡೆಯ ದೇಶೀ ಶಸ್ತ್ರವೈದ್ಯನೊಬ್ಬ ಅವನ ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿಕೊಟ್ಟ. ಈ ಸುದ್ದಿ ಚಿತ್ರಸಹಿತವಾಗಿ ೧೭೯೪ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು. ೧೮೧೪ರಲ್ಲಿ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯರು ಅದೇ ಕ್ರಮವನ್ನು ಲಂಡನ್ನಿನಲ್ಲಿ ಪ್ರಯೋಗಿಸಿದರು.

ಕಾವಸ್ಜಿಯ ಮೂಗು ಕಳೆದುಹೋದ ಅಂಗವನ್ನು ಮರಳಿ ಪಡೆದ ಕಥೆ. ಇರುವ ಮೂಗು ಇನ್ನಷ್ಟು ಚೆನ್ನಾಗಿರಲಿ ಎಂಬುದು ಬೇರೆಯ ಕಥೆ. ಈ ವ್ಯತ್ಯಾಸವನ್ನು ಸರಕಾರವೂ ಬಲ್ಲದು, ವಿಮಾ ಕಂಪೆನಿಯೂ ಬಲ್ಲದು. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಇವುಗಳ ತರುವಾಯ ಅಂಗವನ್ನು ಸರಿಪಡಿಸಲು ವಿಮೆಯ ಹಣ ದೊರೆಯಬಹುದು. ಬರಿಯ ಚೆಲುವಿಗಾಗಿ ಮಾಡಿಸಿದರೆ ಸಾಮಾನ್ಯ ಆರೋಗ್ಯವಿಮೆಯಲ್ಲಿ ದೊರೆಯದು. ಚಿಕಿತ್ಸೆಗಳಿಗೆ ಜಿ.ಎಸ್.ಟಿ.ಯಿಂದ ಇರುವ ವಿನಾಯಿತಿಯೂ ಕೂದಲು ನೆಡಿಸುವುದಕ್ಕೆ ಮತ್ತು ಬರಿಯ ಚೆಲುವಿನ ಶಸ್ತ್ರಕ್ರಿಯೆಗೆ ಅನ್ವಯಿಸದು. ಅಂದರೆ ಖರ್ಚೆಲ್ಲ ನಮ್ಮದೇ.

ಆದರೆ ಖರ್ಚು ನಮ್ಮದಾದಂತೆ ತಾರೀಖೂ ನಮ್ಮದೇ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಅಪೆಂಡಿಕ್ಸ್ ಒಡೆಯುವ ಸ್ಥಿತಿಗೆ ಬಂದ ರೋಗಿಯ ರಕ್ತದಲ್ಲಿ ದೋಷ ಕಂಡರೂ ಡಾಕ್ಟರರು ಅದರೊಡನೆಯೇ ಹೋರಾಡಿ ಶಸ್ತ್ರಕ್ರಿಯೆ ಮಾಡಬೇಕಾಗುತ್ತದೆ; ಕಾದರೆ ಪ್ರಾಣವೇ ಹೋದೀತು. ಮೂಗಿನ ಡುಬ್ಬಕ್ಕೆ ಅಂತಹ ಅವಸರವಿಲ್ಲ. ಈ ವಾರ ಆಗದಿದ್ದರೆ ಮುಂದಿನ ತಿಂಗಳು, ಮುಂದಿನ ತಿಂಗಳು ಆಗದಿದ್ದರೆ ಮುಂದಿನ ವರ್ಷ. ಕಾಯುವುದರಿಂದ ನಷ್ಟವಿಲ್ಲದ ಕಡೆಯಲ್ಲಿ ಕಾಯದೆ ಇರುವುದು ಜಾಣತನವಲ್ಲ. ‘ತಾಳಿದವನು ಬಾಳಿಯಾನು’ ಎಂಬ ಹಿರಿಯರ ಮಾತು ಇಲ್ಲಿಗೆ ಹೊಂದುವಷ್ಟು ಇನ್ನೆಲ್ಲಿಯೂ ಹೊಂದದು. ನಾನು ಈ ದಿನ ಹೇಳತಕ್ಕ ಮಾತೆಲ್ಲವೂ ಇದರ ವಿಸ್ತಾರವಷ್ಟೆ.

ಇನ್ನು ರಿಪೋರ್ಟಿಗೆ ಬರೋಣ. ನಕ್ಷತ್ರ ಗುರುತು ಕಂಡ ಕೂಡಲೆ ಎದೆಗುಂದುವವರು ಒಂದು ಬಗೆ, ಅದನ್ನು ಮಡಚಿ ಜೇಬಿಗೆ ಸೇರಿಸುವವರು ಇನ್ನೊಂದು ಬಗೆ. ಇಬ್ಬರದೂ ಸರಿಯಲ್ಲ. ನಮ್ಮ ಬ್ಯಾಂಕಿನಲ್ಲಿ ಒಂದು ಚೆಕ್ಕು ಪಾಸಾಗದೆ ಹಿಂದಿರುಗಿದರೆ ಅದರೊಡನೆ ಒಂದು ಚೀಟಿಯಿರುತ್ತದೆ. ಖಾತೆಯಲ್ಲಿ ಹಣವಿಲ್ಲವೋ, ರುಜು ಹೊಂದುವುದಿಲ್ಲವೋ, ತಾರೀಖು ಹಳೆಯದೋ, ಕಾರಣ ಅದರಲ್ಲಿ ಬರೆದಿರುತ್ತದೆ. ರುಜು ಹೊಂದದೆ ಬಂದ ಚೆಕ್ಕನ್ನು ಕಂಡು ಒಬ್ಬನನ್ನು ದಿವಾಳಿ ಎಂದು ಯಾರೂ ಕರೆಯುವುದಿಲ್ಲ. ರಕ್ತದ ರಿಪೋರ್ಟಿನಲ್ಲಿ ಗುರುತು ಮಾತ್ರ ಇರುತ್ತದೆ, ಕಾರಣದ ಚೀಟಿ ಇರುವುದಿಲ್ಲ. ಆ ಕಾರಣವನ್ನು ಹುಡುಕಿಸುವುದೇ ನಮ್ಮ ಕೆಲಸ.

ಕೆಲವು ವೇಳೆ ಕಾರಣ ಬರಿಯ ಲೆಕ್ಕದಲ್ಲಿಯೇ ಇರುತ್ತದೆ. ರಿಪೋರ್ಟಿನ ಬದಿಯಲ್ಲಿ ಅಚ್ಚಾಗಿರುವ ಮಿತಿಗಳನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ ೯೫ ಜನ ಒಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಎಂದರೆ ಏನೂ ರೋಗವಿಲ್ಲದ ೫ ಜನ ಹೊರಗುಳಿಯುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ೨೦ ಪರೀಕ್ಷೆಗಳನ್ನು ಒಬ್ಬ ಆರೋಗ್ಯವಂತನಿಗೆ ಮಾಡಿಸಿದರೆ ಒಂದಾದರೂ ಅಂಕಿ ಮಿತಿಯನ್ನು ದಾಟುವ ಸಂಭವ ನೂರಕ್ಕೆ ಸುಮಾರು ೬೪! ಆದುದರಿಂದ ಕೂದಲೆಳೆಯಷ್ಟು ದಾಟಿದ ಅಂಕಿಗಾಗಿ ನಿದ್ದೆಗೆಡಬೇಕಾಗಿಲ್ಲ.

ಕೆಲವು ವೇಳೆ ದೋಷ ನಮ್ಮ ರಕ್ತದಲ್ಲಿರದೆ ಕೊಳವೆಯಲ್ಲಿರುತ್ತದೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಒಂದು ಮೈಕ್ರೋಲೀಟರಿನಲ್ಲಿ ಸುಮಾರು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕು. ಕೆಲವರ ರಕ್ತದಲ್ಲಿ ಈ ಕಣಗಳು, ಕೊಳವೆಯಲ್ಲಿ ಹಾಕಿರುವ ಇ.ಡಿ.ಟಿ.ಎ. ಎಂಬ ರಾಸಾಯನಿಕ ತಗಲಿದಾಗ ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ. ಯಂತ್ರ ಒಂದು ಗುಂಪನ್ನು ಬಿಡಿ ಕಣಗಳಾಗಿ ಎಣಿಸಲಾರದು. ಆಗ ಲಕ್ಷಗಟ್ಟಲೆ ಇರುವ ಕಣಗಳು ಸಾವಿರಗಳ ಲೆಕ್ಕಕ್ಕೆ ಇಳಿಯುತ್ತವೆ. ಗಾಜಿನ ಮೇಲೆ ರಕ್ತದ ಹನಿಯನ್ನು ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅಥವಾ ಸಿಟ್ರೇಟ್ ಹಾಕಿದ ಬೇರೆ ಕೊಳವೆಯಲ್ಲಿ ರಕ್ತ ತೆಗೆದು ನೋಡಿದರೆ ನಿಜ ಹೊರಬೀಳುತ್ತದೆ. ಹಾಗೆಯೇ ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದುಹೋದರೆ ಪೊಟ್ಯಾಸಿಯಂ ಸುಳ್ಳುಸುಳ್ಳಾಗಿ ಏರಿ ಕಾಣುತ್ತದೆ.

ಕೂದಲಿನ ಚಿಂತೆಯುಳ್ಳವರು ಕೇಳಲೇಬೇಕಾದ ಮತ್ತೊಂದು ಸಂಗತಿಯಿದೆ. ಕೂದಲು ಬೆಳೆಯಲೆಂದು ಕೊಳ್ಳುವ ಅನೇಕ ಮಾತ್ರೆಗಳಲ್ಲಿ ಬಯೋಟಿನ್ ಎಂಬ ಜೀವಸತ್ವ, ದೇಹಕ್ಕೆ ದಿನವೊಂದಕ್ಕೆ ಬೇಕಾದುದಕ್ಕಿಂತ ನೂರಾರು ಪಾಲು ಹೆಚ್ಚಾಗಿರುತ್ತದೆ. ಇದು ಕೆಲವು ಬಗೆಯ ಪರೀಕ್ಷೆಗಳ ವಿಧಾನವನ್ನೇ ಕೆಡಿಸಿ, ಥೈರಾಯ್ಡ್ ಸರಿಯಾಗಿರುವವನಿಗೂ ಅದು ಅತಿಯಾಗಿ ಕೆಲಸ ಮಾಡುತ್ತಿದೆಯೆಂಬ ರಿಪೋರ್ಟನ್ನು ಕೊಡಿಸಬಲ್ಲದು. ಅಮೆರಿಕದ ಎಫ್.ಡಿ.ಎ. ಸಂಸ್ಥೆ ೨೦೧೭ರಲ್ಲಿಯೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಕೂದಲು ನೆಡಿಸಲು ಹೋಗುವವನು ಈ ಮಾತ್ರೆಯ ವಿಚಾರವನ್ನು ಮುಚ್ಚಿಟ್ಟರೆ, ಇಲ್ಲದ ರೋಗಕ್ಕೆ ಚಿಕಿತ್ಸೆ ಪಡೆದಾನು.

ಹಾಗಾದರೆ ಎಲ್ಲವೂ ಯಂತ್ರದ ಸುಳ್ಳೆ? ಅಲ್ಲ. ನಮ್ಮ ದೇಶದಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದರೆ, ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ನೂರಕ್ಕೆ ೫೭ ಜನರಿಗೆ, ಗಂಡಸರಲ್ಲಿ ನೂರಕ್ಕೆ ೨೫ ಜನರಿಗೆ ಅದು ಉಂಟು. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ ೧೨ ಗ್ರಾಂಗಿಂತ, ಗಂಡಸಿಗೆ ೧೩ ಗ್ರಾಂಗಿಂತ ಕಡಮೆಯಾದರೆ ರಕ್ತಹೀನತೆ ಎನ್ನುತ್ತಾರೆ. ಒಂಬತ್ತು ಗ್ರಾಂ ಇರುವ ಹೆಣ್ಣುಮಗಳಿಗೆ ಹೊಟ್ಟೆಯ ಮೇಲಿನ ದೊಡ್ಡ ಶಸ್ತ್ರಕ್ರಿಯೆಯಲ್ಲಿ ಇನ್ನಷ್ಟು ರಕ್ತ ಹೋದರೆ ಗತಿಯೇನು? ಕಬ್ಬಿಣದ ಕೊರತೆಯಾದರೆ ಚಿಕಿತ್ಸೆಯಿಂದ ಕೆಲವು ವಾರಗಳಲ್ಲಿ ಅಂಕಿ ಏರತೊಡಗುತ್ತದೆ, ದೇಹದ ಸಂಗ್ರಹ ತುಂಬಲು ಕೆಲವು ತಿಂಗಳು ಬೇಕು. ಗಂಡಸಿನಲ್ಲಿ ಕಬ್ಬಿಣದ ಕೊರತೆ ಕಂಡರೆ, ಮೂಲವ್ಯಾಧಿಯೋ ಜಠರದ ಹುಣ್ಣೋ ಕರುಳಿನ ಗಡ್ಡೆಯೋ, ರಕ್ತ ಎಲ್ಲಿ ಸೋರುತ್ತಿದೆಯೆಂದು ಹುಡುಕಲೇಬೇಕು.

ಕೆಂಪು ಕಣಗಳು ಗಾತ್ರದಲ್ಲಿ ಬಹಳ ಚಿಕ್ಕವಾಗಿದ್ದು ಸಂಖ್ಯೆ ಮಾತ್ರ ಹೆಚ್ಚಾಗಿದ್ದರೆ ಅದು ಥಲಸ್ಸೀಮಿಯಾ ಮೈನರ್ ಇರಬಹುದು. ಇದು ರೋಗವೆನ್ನುವುದಕ್ಕಿಂತ ವಂಶದಿಂದ ಬಂದ ಗುಣ. ಕಬ್ಬಿಣದ ಮಾತ್ರೆಯಿಂದ ಹೋಗದು, ಇರುವವರಿಗೆ ಹೆಚ್ಚಿನ ತೊಂದರೆಯೂ ಇಲ್ಲ. ಆದರೆ ಈ ಗುಣವುಳ್ಳ ಇಬ್ಬರು ಮದುವೆಯಾದರೆ, ಪ್ರತಿಯೊಂದು ಗರ್ಭದಲ್ಲಿಯೂ ಮಗುವಿಗೆ ಥಲಸ್ಸೀಮಿಯಾ ಮೇಜರ್ ಎಂಬ ಕಠಿಣ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮದುವೆ ಗೊತ್ತಾದ ಮೇಲೆ ಮುಖ ತಿದ್ದಿಸಿಕೊಳ್ಳಲು ಹೋದ ಹುಡುಗಿಗೆ ಇದು ತಿಳಿದುಬಂದರೆ ಅಪಶಕುನವೆಂದು ಭಾವಿಸಬಾರದು. ವರನ ರಕ್ತವನ್ನೂ ಪರೀಕ್ಷಿಸಿದರೆ ಮುಂದಿನ ತಲೆಮಾರಿಗೆ ಅದಕ್ಕಿಂತ ದೊಡ್ಡ ಉಡುಗೊರೆಯಿಲ್ಲ.

ಸಕ್ಕರೆಯ ವಿಚಾರವೂ ಹೀಗೆಯೇ. ಬರಿಹೊಟ್ಟೆಯ ಸಕ್ಕರೆ ೧೨೬ ಅಥವಾ ಹೆಚ್ಚು, ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ೧ಸಿ ೬.೫ ಅಥವಾ ಹೆಚ್ಚು ಎಂದು ಮರುಪರೀಕ್ಷೆಯಲ್ಲಿಯೂ ಖಚಿತವಾದರೆ ಅದು ಮಧುಮೇಹ. ಹತೋಟಿ ತಪ್ಪಿದ ಸಕ್ಕರೆಯಲ್ಲಿ ಗಾಯ ಬೇಗ ಮಾಯದು, ಕೀವಾಗುವ ಭಯ ಹೆಚ್ಚು. ಚೆಲುವಿಗಾಗಿ ಹಾಕಿಸಿಕೊಂಡ ಹೊಲಿಗೆ ಬಿಚ್ಚಿ ಕಲೆಯಾದರೆ ಇದ್ದ ಚೆಲುವೂ ಹೋಯಿತಲ್ಲ!

ಈಗ ನಮ್ಮ ಮನೆಯ ಸಂಗತಿ. ಇದನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ನನ್ನ ತಂಗಿ ಮೂಗಿನ ಡುಬ್ಬವನ್ನು ತೆಗೆಸಬೇಕೆಂದು ತನ್ನ ಸಂಬಳದಲ್ಲಿ ಉಳಿಸಿ, ಒಂದು ಚಿಕಿತ್ಸಾಲಯಕ್ಕೆ ಮುಂಗಡ ಕಟ್ಟಿದಳು. ರಕ್ತಪರೀಕ್ಷೆಯಲ್ಲಿ ಎ.ಪಿ.ಟಿ.ಟಿ. ಎಂಬ, ರಕ್ತ ಹೆಪ್ಪುಗಟ್ಟುವ ಕಾಲವನ್ನು ಅಳೆಯುವ ಅಂಕಿ, ಮಿತಿಗಿಂತ ಹತ್ತು ಹನ್ನೆರಡು ಸೆಕೆಂಡು ಹೆಚ್ಚು ಬಂತು. ಅಲ್ಲಿಯವರು, “ಇದೇನೂ ದೊಡ್ಡದಲ್ಲ, ಒಂದು ಇಂಜೆಕ್ಷನ್ ಕೊಟ್ಟು ಮುಗಿಸೋಣ, ತಾರೀಖು ತಪ್ಪಿದರೆ ಮುಂಗಡ ಹಿಂದಿರುಗುವುದಿಲ್ಲ” ಎಂದರು. ತಂಗಿ ಆ ರಾತ್ರಿ, “ಅಣ್ಣಾ, ಏನು ಮಾಡಲಿ?” ಎಂದು ಕೇಳಿದಳು. “ಹಣ ಹೋದರೆ ಹೋಗಲಿ, ಮೊದಲು ಡಾಕ್ಟರರ ಹತ್ತಿರ ಹೋಗೋಣ” ಎಂದೆ.

ನಮ್ಮ ಬಡಾವಣೆಯ ಹಳೆಯ ಡಾಕ್ಟರರು ರಿಪೋರ್ಟನ್ನು ನೋಡಿ ಪಕ್ಕಕ್ಕಿಟ್ಟು ಮೂರೇ ಪ್ರಶ್ನೆ ಕೇಳಿದರು. ಹಲ್ಲು ಕೀಳಿಸಿದಾಗ ರಕ್ತ ಎಷ್ಟು ಹೊತ್ತು ನಿಲ್ಲಲಿಲ್ಲ? ತಿಂಗಳ ಸ್ರಾವ ಎಷ್ಟು ದಿನ? ಮನೆಯಲ್ಲಿ ಇನ್ನಾರಿಗಾದರೂ ಹೀಗುಂಟೆ? ಹಲ್ಲು ಕೀಳಿಸಿದಾಗ ಎರಡು ದಿನ ರಕ್ತ ಜಿನುಗಿತ್ತು. ತಿಂಗಳ ಸ್ರಾವ ಎಂಟು ಒಂಬತ್ತು ದಿನ. ಮೂರನೆಯ ಪ್ರಶ್ನೆಗೆ ಉತ್ತರ ಕೊಟ್ಟವರು ಜೊತೆಯಲ್ಲಿ ಬಂದಿದ್ದ ನಮ್ಮ ತಾಯಿ. “ನನಗೂ ಹಾಗೇ. ಉಷ್ಣದ ಮೈ ಅಂತ ನಮ್ಮ ಅತ್ತೆಯವರು ಹೇಳುತ್ತಿದ್ದರು” ಎಂದರು.

ರಕ್ತರೋಗ ತಜ್ಞರು ಪರೀಕ್ಷಿಸಿ, ಇದು ವಾನ್ ವಿಲ್ಲೆಬ್ರಾಂಡ್ ರೋಗವೆಂದು ಗುರುತಿಸಿದರು. ಫಿನ್‌ಲೆಂಡಿನ ಎರಿಕ್ ವಾನ್ ವಿಲ್ಲೆಬ್ರಾಂಡ್ ಎಂಬ ವೈದ್ಯರು ೧೯೨೬ರಲ್ಲಿ ಮೊದಲು ವರ್ಣಿಸಿದ, ವಂಶದಲ್ಲಿ ಹರಿದುಬರುವ ರೋಗ ಇದು. ಹೆಣ್ಣಿಗೂ ಬರುತ್ತದೆ, ಗಂಡಿಗೂ ಬರುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನ್ ಕಡಮೆಯಿರುವುದೇ ಇದರ ಕಾರಣ. ನಮ್ಮ ತಾಯಿಗೂ ಅದೇ ಇದ್ದಿತು. ನನಗೂ ಪರೀಕ್ಷೆಯಾಯಿತು, ನನಗಿಲ್ಲ.

ತಾಯಿಯವರು ಹೆರಿಗೆಯಲ್ಲಿ ಒಮ್ಮೆ ಸಾವಿನ ಬಾಗಿಲಿಗೆ ಹೋಗಿ ಬಂದವರು. ನಲವತ್ತೆರಡನೆಯ ವಯಸ್ಸಿನಲ್ಲಿ ಅತಿಸ್ರಾವದ ಕಾರಣ ಗರ್ಭಕೋಶವನ್ನು ತೆಗೆಸಿ, ಆ ಶಸ್ತ್ರಕ್ರಿಯೆಯಲ್ಲಿಯೂ ನಾಲ್ಕು ಬಾಟಲಿ ರಕ್ತ ಹಾಕಿಸಿಕೊಂಡವರು. ಇಷ್ಟು ವರ್ಷ ಅದಕ್ಕೆ ಯಾರೂ ಹೆಸರಿಡಲಿಲ್ಲ. ಹೆಂಗಸರ ಹಣೆಬರಹವೆಂದು ಎಲ್ಲರೂ ಸುಮ್ಮನಿದ್ದರು. ಮಗಳ ಮೂಗಿನ ನೆಪದಲ್ಲಿ ಅರುವತ್ತೊಂದನೆಯ ವರ್ಷದಲ್ಲಿ ಅವರಿಗೆ ತಮ್ಮ ಕಷ್ಟದ ಹೆಸರು ತಿಳಿಯಿತು. ಮನೆಗೆ ಬಂದು ಬಹಳ ಹೊತ್ತು ಮಾತನಾಡದೆ ಕುಳಿತಿದ್ದು, “ಅಂದರೆ ನನ್ನ ಮೈಯ ತಪ್ಪು ಅಲ್ಲವಲ್ಲಪ್ಪ” ಎಂದರು. ಈ ರೋಗವುಳ್ಳವರಿಗೆ ಶಸ್ತ್ರಕ್ರಿಯೆಯೇ ಆಗದೆಂದಲ್ಲ. ಮೊದಲೇ ತಿಳಿದಿದ್ದರೆ ತಕ್ಕ ಔಷಧಿಗಳನ್ನು ಕೊಟ್ಟು, ಸೌಕರ್ಯವಿರುವ ಆಸ್ಪತ್ರೆಯಲ್ಲಿ ಮಾಡುತ್ತಾರೆ. ತಂಗಿ ಮೂಗಿನ ವಿಚಾರವನ್ನು ಇನ್ನೂ ನಿಶ್ಚಯಿಸಿಲ್ಲ. ಅದು ಅವಳಿಗೆ ಬಿಟ್ಟದ್ದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅದೇ ಎ.ಪಿ.ಟಿ.ಟಿ. ಅಂಕಿ ಇನ್ನೊಬ್ಬರಲ್ಲಿ ಲೂಪಸ್ ಆ್ಯಂಟಿಕೋಯಾಗ್ಯುಲೆಂಟ್ ಎಂಬ ಬೇರೆ ಕಾರಣದಿಂದ ಹೆಚ್ಚಾಗಬಹುದು. ಅಂಥವರಿಗೆ ಸಾಮಾನ್ಯವಾಗಿ ರಕ್ತಸ್ರಾವದ ಭಯವಿಲ್ಲ, ತದ್ವಿರುದ್ಧವಾಗಿ ರಕ್ತನಾಳದೊಳಗೆ ಹೆಪ್ಪುಗಟ್ಟುವ ಭಯ! ಅಂಕಿ ಒಂದೇ, ಅಪಾಯ ಎರಡು. ಆದುದರಿಂದಲೇ ಕಾರಣ ತಿಳಿಯದೆ ‘ಒಂದು ಇಂಜೆಕ್ಷನ್’ ಕೊಟ್ಟು ಮುಗಿಸುವ ಮಾತು ಸಲ್ಲದು.

ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನೂ ಶಸ್ತ್ರಕ್ರಿಯೆಗೆ ಮೊದಲು ಮಾಡಿಸುವುದುಂಟು. ಇವುಗಳಲ್ಲಿ ಮೊದಲ ಪರೀಕ್ಷೆಯ ಫಲವೇ ಕೊನೆಯ ತೀರ್ಪಲ್ಲ, ಖಚಿತಪಡಿಸುವ ಪರೀಕ್ಷೆಗಳು ಬೇರೆಯಿವೆ. ಒಪ್ಪಿಗೆಯಿಲ್ಲದೆ ಎಚ್.ಐ.ವಿ. ಪರೀಕ್ಷೆ ಮಾಡುವುದನ್ನೂ, ಫಲವನ್ನು ಬಯಲುಮಾಡುವುದನ್ನೂ, ಚಿಕಿತ್ಸೆಯಲ್ಲಿ ಭೇದ ತೋರುವುದನ್ನೂ ೨೦೧೭ರ ಕಾನೂನು ತಡೆಯುತ್ತದೆ. ಅದು ೨೦೧೮ರ ಸೆಪ್ಟೆಂಬರ್ ೧೦ರಿಂದ ಜಾರಿಗೆ ಬಂದಿದೆ. ಹೆಪಟೈಟಿಸ್ ಸಿ ಇಂದು ಕೆಲವು ತಿಂಗಳ ಮಾತ್ರೆಗಳಿಂದ ಬಹುಮಟ್ಟಿಗೆ ಗುಣವಾಗುವ ರೋಗ. ಹೆಪಟೈಟಿಸ್ ಬಿ ಕಂಡುಬಂದರೆ ಮನೆಯವರನ್ನೂ ಪರೀಕ್ಷಿಸಿ, ಬೇಕಾದವರಿಗೆ ಲಸಿಕೆ ಹಾಕಿಸಬಹುದು. ಮುಚ್ಚಿಟ್ಟರೆ ನಷ್ಟ ಮನೆಯವರೆಲ್ಲರಿಗೂ.

ಇನ್ನು ಸಂಕ್ಷೇಪವಾಗಿ ಕೆಲವು ಸೂಚನೆಗಳು. ರಿಪೋರ್ಟನ್ನು ಶಸ್ತ್ರಕ್ರಿಯೆಗೆ ಎರಡು ದಿನ ಮೊದಲಲ್ಲ, ನಾಲ್ಕಾರು ವಾರ ಮೊದಲು ಮಾಡಿಸಿರಿ, ವಿಚಾರಮಾಡಲು ಕಾಲವಿರಲಿ. ದೋಷ ಕಂಡರೆ, ಒಳ್ಳೆಯ ಅಂಕಿ ಬರುವವರೆಗೆ ಲ್ಯಾಬಿನಿಂದ ಲ್ಯಾಬಿಗೆ ಅಲೆದು, ಅದೊಂದನ್ನೇ ತೋರಿಸುವ ಚಾತುರ್ಯ ಬೇಡ; ಎಲ್ಲ ರಿಪೋರ್ಟುಗಳನ್ನೂ ತೋರಿಸಿರಿ. ಆಸ್ಪಿರಿನ್, ನೋವಿನ ಮಾತ್ರೆ, ಮೀನೆಣ್ಣೆಯ ಗುಳಿಗೆ, ಕೂದಲಿನ ಮಾತ್ರೆ, ಊರಿನಿಂದ ತಂದ ಕಷಾಯದ ಪುಡಿ, ಯಾವುದನ್ನೂ ಮರೆಯದೆ ಬರೆದು ಕೊಡಿರಿ. ಆಸ್ಪಿರಿನ್ನಿನ ಪ್ರಭಾವ ಪ್ಲೇಟ್‌ಲೆಟ್ ಕಣದ ಆಯುಸ್ಸು ಇರುವ ತನಕ, ಎಂದರೆ ವಾರ ಹತ್ತು ದಿನ ಉಳಿಯುತ್ತದೆ. ಆದರೆ ಹೃದಯಕ್ಕೆಂದು ಕೊಟ್ಟುದನ್ನು ತಾವಾಗಿ ನಿಲ್ಲಿಸಕೂಡದು. ಶಸ್ತ್ರಕ್ರಿಯೆ ಮಾಡುವವರು ತಕ್ಕ ತರಬೇತಿಯುಳ್ಳ ನೋಂದಾಯಿತ ವೈದ್ಯರೇ ಎಂಬುದನ್ನು ನೋಡಿರಿ. ಮುಂಗಡ ಕಟ್ಟುವ ಮೊದಲು, ‘ವೈದ್ಯಕೀಯ ಕಾರಣದಿಂದ ಮುಂದಕ್ಕೆ ಹಾಕಿದರೆ ಹಣ ಹಿಂದಿರುಗಿಸತಕ್ಕದ್ದು’ ಎಂದು ಬರವಣಿಗೆಯಲ್ಲಿ ಪಡೆಯಿರಿ. ಇದೊಂದು ಮಾತನ್ನು ಮಾತ್ರ ನಾನು ಬ್ಯಾಂಕಿನವನ ಅಧಿಕಾರದಿಂದಲೇ ಹೇಳುತ್ತೇನೆ. ಕಟ್ಟಿದ ಹಣದ ಮೋಹ ಎಷ್ಟೋ ಜನರನ್ನು ಬೇಡದ ಕಡೆಗೆ ಎಳೆದೊಯ್ಯುವುದನ್ನು ಕೌಂಟರಿನಲ್ಲಿ ಕುಳಿತು ನೋಡಿದ್ದೇನೆ.

ಇದು ಅತಿ ಎಚ್ಚರಿಕೆಯೆಂದು ಯಾರಾದರೂ ಅಂದಾರು. ಅಮೆರಿಕದ ಗಾಯಕ ಕಾನ್ಯೆ ವೆಸ್ಟ್ ಅವರ ತಾಯಿ, ಪ್ರಾಧ್ಯಾಪಕಿಯಾಗಿದ್ದ ಡೊಂಡಾ ವೆಸ್ಟ್, ೨೦೦೭ರ ನವೆಂಬರಿನಲ್ಲಿ ಇಂತಹ ಶಸ್ತ್ರಕ್ರಿಯೆ ಮಾಡಿಸಿಕೊಂಡ ಮಾರನೆಯ ದಿನವೇ ತೀರಿಕೊಂಡರು. ಹೃದಯದ ರಕ್ತನಾಳಗಳ ರೋಗ ಅವರಿಗಿತ್ತೆಂದು ಅನಂತರ ತಿಳಿದುಬಂತು. ಆ ಮೇಲೆ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಚೆಲುವಿನ ಶಸ್ತ್ರಕ್ರಿಯೆಗೆ ಮೊದಲು ದೇಹಪರೀಕ್ಷೆ ಮತ್ತು ಲಿಖಿತ ಒಪ್ಪಿಗೆ ಅವಶ್ಯವೆಂದು ೨೦೦೯ರಲ್ಲಿ ಕಾನೂನನ್ನೇ ಮಾಡಿದರು. ನಮ್ಮ ಬೆಂಗಳೂರಿನಲ್ಲಿಯೂ ೨೦೨೨ರ ಮೇ ತಿಂಗಳಲ್ಲಿ ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಯ ತರುವಾಯ ಕಿರುತೆರೆಯ ತರುಣ ನಟಿಯೊಬ್ಬರು ತೀರಿಕೊಂಡುದು ತಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅದರ ಕಾರಣಗಳನ್ನು ನಾನಿಲ್ಲಿ ವಿಚಾರಿಸುವುದಿಲ್ಲ. ಇದು ಮುಖಕ್ಕೆ ಸುಣ್ಣಬಣ್ಣ ಬಳಿಯುವ ಕೆಲಸವಲ್ಲ, ಶಸ್ತ್ರಕ್ರಿಯೆ ಎಂಬುದನ್ನು ನೆನಪಿಸುವುದಕ್ಕಷ್ಟೆ ಹೇಳಿದೆ.

ಕಡೆಯದಾಗಿ ನಮ್ಮ ಸಂಘಕ್ಕೆ ಒಂದು ವಿನಂತಿ. ಹೊರನಾಡಿನಲ್ಲಿರುವ ನಾವು ಅಂಗಡಿಯಲ್ಲಿ, ಕಚೇರಿಯಲ್ಲಿ ಮರಾಠಿ ಹಿಂದಿಗಳಲ್ಲಿ ಚೆನ್ನಾಗಿಯೇ ವ್ಯವಹರಿಸುತ್ತೇವೆ. ಆದರೆ ತಿಂಗಳ ಸ್ರಾವ ಎಷ್ಟು ದಿನವೆಂದು, ಹೆರಿಗೆಯಲ್ಲಿ ಏನಾಯಿತೆಂದು ಹೇಳಿಕೊಳ್ಳಲು ನಮ್ಮ ತಾಯಂದಿರಿಗೆ ಕನ್ನಡವೇ ಬೇಕು. ಡಾಕ್ಟರರ ಮೂರನೆಯ ಪ್ರಶ್ನೆಗೆ ಉತ್ತರ ಮಾತೃಭಾಷೆಯಲ್ಲಿಯೇ ಹೊರಬರುತ್ತದೆ. ನಮ್ಮ ಸದಸ್ಯರಲ್ಲಿ ಡಾಕ್ಟರರಿದ್ದಾರೆ, ನರ್ಸುಗಳಿದ್ದಾರೆ, ಲ್ಯಾಬಿನಲ್ಲಿ ಕೆಲಸ ಮಾಡುವವರಿದ್ದಾರೆ. ತಿಂಗಳಿಗೊಂದು ಭಾನುವಾರ ಇವರು ಸಂಘದ ಕೊಠಡಿಯಲ್ಲಿ ಕುಳಿತು, ರಿಪೋರ್ಟು ಹಿಡಿದು ಬಂದವರಿಗೆ ಅದರ ಅರ್ಥವನ್ನು ಕನ್ನಡದಲ್ಲಿ ತಿಳಿಸಿ, ಯಾವ ತಜ್ಞರ ಬಳಿಗೆ ಹೋಗಬೇಕೆಂದು ದಾರಿ ತೋರಿಸಿದರೆ ಅದೂ ರಾಜ್ಯೋತ್ಸವದ ಕೆಲಸವೇ ಆದೀತು. ಹೆಸರು ಬರೆದುಕೊಳ್ಳುವುದಕ್ಕೆ, ಕಾಗದಗಳನ್ನು ಕ್ರಮವಾಗಿ ಜೋಡಿಸಿಡುವುದಕ್ಕೆ ಒಬ್ಬ ಗುಮಾಸ್ತ ಬೇಕಾದೀತು. ಆ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.